ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಬಸದಿ-ದೇಗುಲಗಳು: ಹಸ್ತಪ್ರತಿ ಅಭ್ಯಾಸಿಯ ದೃಷ್ಟಿಯಿಂದ

ಪುಣ್ಯಕ್ಷೇತ್ರಗಳ ಸಂದರ್ಶನವು ಸಾಮಾನ್ಯವಾಗಿ ದರ್ಶನ, ಪೂಜೆ, ಅಭಿಷೇಕಗಳೊಡನೆ ಪೂರ್ಣಗೊಳ್ಳುತ್ತದೆ. ಹಸ್ತಪ್ರತಿಗಳ ಅಭ್ಯಾಸದಲ್ಲಿ ತೊಡಗಿದವರಿಗೆ ಅದರಿಂದ ಇನ್ನೊಂದು ಪ್ರಯೋಜನವೂ ಉಂಟು. ಓಲೆಗರಿಯ ಕೊನೆಯಲ್ಲಿ ಬರುವ ಪ್ರಶಸ್ತಿಗೂ ಬಸದಿಯ ಅಂಗಳದಲ್ಲಿ ನಿಂತ ಶಾಸನಕ್ಕೂ ಇರುವ ಸಂಬಂಧವನ್ನು ಗ್ರಂಥಭಂಡಾರದಲ್ಲಿ ಕುಳಿತು ಅರಿಯುವುದು ಕಷ್ಟ. ಆಯಾ ಸ್ಥಳಕ್ಕೆ ಹೋದಾಗ ಅದು ಸ್ಪಷ್ಟವಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಬಸದಿಗಳನ್ನೂ ದೇವಾಲಯಗಳನ್ನೂ ಈ ದೃಷ್ಟಿಯಿಂದ ನೋಡುವ ಬಗೆಯನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇದಕ್ಕೆ ಪೂರ್ವಭಾವಿಯಾಗಿ ದೂರದ ಒಂದು ಮರುಭೂಮಿಯ ನಿದರ್ಶನವನ್ನು ನೋಡಬೇಕಾಗಿದೆ. ಮಲೆನಾಡಿನ ಸ್ಥಿತಿ ಏನೆಂಬುದು ಅದರೊಡನೆ ಹೋಲಿಸಿದಾಗ ಚೆನ್ನಾಗಿ ತಿಳಿಯುತ್ತದೆ.

ಮರುಭೂಮಿಯ ಭಂಡಾರ

ರಾಜಸ್ಥಾನದ ಥಾರ್ ಮರುಭೂಮಿಯಲ್ಲಿರುವ ಜೈಸಲ್ಮೇರ್ ಕೋಟೆಯೊಳಗೆ ಜೈನ ಮಂದಿರಗಳ ಒಂದು ಸಮೂಹವಿದೆ. ಅವುಗಳಲ್ಲಿ ಸಂಭವನಾಥ ಮಂದಿರದ ನೆಲಮಾಳಿಗೆಯಲ್ಲಿ, 15ನೆಯ ಶತಮಾನದಲ್ಲಿ ಜಿನಭದ್ರಸೂರಿಗಳು ನೆಲೆಗೊಳಿಸಿದ ಜ್ಞಾನಭಂಡಾರವಿದೆ. ಅಲ್ಲಿಯ ತಾಡಪತ್ರಗಳಲ್ಲಿ ಕ್ರಿ.ಶ. 1060ರಷ್ಟು ಹಳೆಯದಾದ, ಚಿತ್ರಗಳಿಂದ ಕೂಡಿದ 'ಓಘನಿರ್ಯುಕ್ತಿ'ಯ ಪ್ರತಿ ಇದೆ. 1874ರಲ್ಲಿ ಜಾರ್ಜ್ ಬ್ಯೂಲರ್ ಹಾಗೂ ಹರ್ಮನ್ ಯಾಕೋಬಿ ಎಂಬ ವಿದ್ವಾಂಸರು ಈ ಭಂಡಾರವನ್ನು ಸಂದರ್ಶಿಸಿದರು. ಬಿಲ್ಹಣನ 'ವಿಕ್ರಮಾಂಕದೇವಚರಿತ' ಅವರಿಗೆ ದೊರೆತದ್ದು ಆಗಲೇ. ಬ್ಯೂಲರ್ ಮರುವರ್ಷವೇ ಅದನ್ನು ಪ್ರಕಟಿಸಿದನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ಕನ್ನಡ ನಾಡಿನಲ್ಲಿ ಹುಟ್ಟಿದ ಕಾವ್ಯವು ತನ್ನ ನಾಡಿನಲ್ಲಿ ಉಳಿಯದೆ ಮರಳುಗಾಡಿನ ಕೋಟೆಯಲ್ಲಿ ಉಳಿಯಿತು. 1950ರಲ್ಲಿ ಮುನಿ ಪುಣ್ಯವಿಜಯರು ಜೈಸಲ್ಮೇರಿಗೆ ಹೋಗಿ ಭಂಡಾರವನ್ನು ಕ್ರಮಪಡಿಸಿದರು. ಅವರು ಸಿದ್ಧಪಡಿಸಿದ ಸೂಚಿ 1972ರಲ್ಲಿ ಅಹಮದಾಬಾದಿನಿಂದ ಪ್ರಕಟವಾಯಿತು.

ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಜೈಸಲ್ಮೇರಿನ ವಾರ್ಷಿಕ ಮಳೆ ಸುಮಾರು 200 ಮಿಲಿಮೀಟರಿನಷ್ಟು ಮಾತ್ರ. ಆ ಒಣಹವೆಯಲ್ಲಿ ಗರಿಗೆ ಬೂಷ್ಟು ಹಿಡಿಯುವುದು ಕಡಮೆ. ಇದು ಮೊದಲನೆಯದು. ಆದರೆ ಹವೆಯೊಂದೇ ಕಾರಣವಲ್ಲ. ಅಲ್ಲಿಯ ಪ್ರತಿಗಳಲ್ಲಿ ಬಹುಭಾಗ ಗುಜರಾತಿನ ಪಾಟಣ, ಖಂಭಾತ ಮುಂತಾದ ಕಡೆಗಳಲ್ಲಿ ಬರೆಯಲ್ಪಟ್ಟು, ರಕ್ಷಣೆಗಾಗಿ ದೂರದ ಕೋಟೆಗೆ ಸಾಗಿಸಲ್ಪಟ್ಟವು. ಓಲೆಗೆ ಚಲನೆಯುಂಟು ಎಂಬುದು ಎರಡನೆಯ ಅಂಶ. ಚಲಿಸಿದ್ದರಿಂದಲೇ ಅದು ಉಳಿಯುತ್ತದೆ. ಚಲಿಸಿದ್ದರಿಂದಲೇ ತಾನು ಹುಟ್ಟಿದ ಸ್ಥಳದ ಸಂಬಂಧವನ್ನು ಕಳೆದುಕೊಳ್ಳುತ್ತದೆ. ಶಿಲೆಯ ವಿಷಯ ಇದಕ್ಕೆ ವಿಪರೀತ. ಅದು ನಿಂತ ಕಡೆಯೇ ನಿಂತು, ಸ್ಥಳದ ನೆನಪನ್ನು ಕಾಯುತ್ತದೆ.

ಮಳೆನಾಡಿನ ಓಲೆ

ಈಗ ಮಲೆನಾಡಿನತ್ತ ಬರೋಣ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಮನೆಯ ಗೋಡೆಗಳೇ ತೇವದಿಂದ ಬೆವರುವ ಈ ಸೀಮೆಯಲ್ಲಿ ಗರಿ ಉಳಿಯುವುದು ಸುಲಭವಲ್ಲ. ಬೂಷ್ಟು, ಹುಳು, ಗೆದ್ದಲು ಈ ಮೂರೂ ಓಲೆಯ ಶತ್ರುಗಳು. ಗರಿಗೆ ಎಣ್ಣೆ ಲೇಪಿಸುವುದು, ಕಟ್ಟನ್ನು ಮರದ ಹಲಗೆಗಳ ನಡುವೆ ಬಿಗಿದು ಬಟ್ಟೆಯಲ್ಲಿ ಸುತ್ತುವುದು, ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಇಡುವುದು ಇವೆಲ್ಲ ನಮ್ಮ ಹಿರಿಯರು ಕಂಡುಕೊಂಡ ಉಪಾಯಗಳು. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಶುಚಿಗೊಳಿಸಿ, ಪೂಜಿಸಿ, ಮತ್ತೆ ಕಟ್ಟಿಡುವ ಆಚಾರವು ಮುಂಗಾರು ಇಳಿಯುವ ಹೊತ್ತಿಗೇ ಬರುತ್ತದೆ ಎಂಬುದನ್ನು ಈ ನಾಡಿನವರು ವಿಶೇಷವಾಗಿ ಗಮನಿಸಬಹುದು.

ಇಷ್ಟಾದರೂ ಪ್ರತಿ ಮಾಡಿಸದ ಗ್ರಂಥ ಕೆಲವು ಶತಮಾನಗಳಲ್ಲಿ ನಷ್ಟವಾಗುವುದೇ ಹೆಚ್ಚು. ಆದ್ದರಿಂದಲೇ ಗ್ರಂಥದಾನಕ್ಕೆ, ಎಂದರೆ ಪ್ರತಿ ಮಾಡಿಸಿ ಕೊಡುವುದಕ್ಕೆ, ಜೈನ ಸಮಾಜವು ಅಷ್ಟು ಮಹತ್ವವನ್ನು ಕೊಟ್ಟಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆಯ ಕೀರ್ತಿ ಇದಕ್ಕೆ ಸಾಕ್ಷಿ. ಹೀಗಿರುವಾಗ ಹತ್ತು, ಹನ್ನೊಂದನೆಯ ಶತಮಾನಗಳ ಮಲೆನಾಡಿನಲ್ಲಿ ಯಾವ ಆಚಾರ್ಯರಿದ್ದರು, ಏನು ಬರೆದರು, ಯಾರು ಓದಿದರು ಎಂಬುದಕ್ಕೆ ಸಮಕಾಲೀನ ಸಾಕ್ಷ್ಯವನ್ನು ಇಲ್ಲಿ ನಾವು ಶಿಲೆಯಲ್ಲಿ ಹುಡುಕಬೇಕಾಗುತ್ತದೆ. ಆ ಕಾರಣದಿಂದ ಈ ಸೀಮೆಯ ಬಸದಿಗಳ ಅಂಗಳವನ್ನು ಒಂದು ಗ್ರಂಥಭಂಡಾರವೆಂದೇ ಭಾವಿಸಿ ಪ್ರವೇಶಿಸುವುದು ಯುಕ್ತ.

ಹೊಂಬುಜದ ಶಿಲಾಪತ್ರಗಳು

ಹೊಸನಗರ ತಾಲ್ಲೂಕಿನ ಹುಂಚ ಅಥವಾ ಹೊಂಬುಜವು ಶಾಸನಗಳಲ್ಲಿ ಪೊಂಬುಚ್ಚ, ಪೊಂಬುರ್ಚ ಎಂದು ಕಾಣಿಸಿಕೊಳ್ಳುತ್ತದೆ. ಇದು ಸಾಂತಳಿಗೆ ಸಾಸಿರವನ್ನು ಆಳಿದ ಸಾಂತರ ಅರಸರ ರಾಜಧಾನಿಯಾಗಿತ್ತು. ಕುಮುದ್ವತಿ ನದಿ ಹುಟ್ಟುವುದು ಇದರ ಸಮೀಪದಲ್ಲಿ. ಪಾರ್ಶ್ವನಾಥ ಬಸದಿ, ಪದ್ಮಾವತೀ ದೇವಿಯ ಗುಡಿ, ಲಕ್ಕಿ ಮರ, ಪಂಚಕೂಟ ಬಸದಿ, ಅದರ ಮುಂದಿನ ಮಾನಸ್ತಂಭ, ಮುತ್ತಿನ ಕೆರೆ, ಗುಡ್ಡದ ಬಸದಿ ಇವು ಯಾತ್ರಿಕರಿಗೆಲ್ಲ ಪರಿಚಿತವಾದವು. ದೇವೇಂದ್ರಕೀರ್ತಿ ಎಂಬ ಅಭಿಧಾನವನ್ನು ಧರಿಸುವ ಭಟ್ಟಾರಕರ ಪೀಠ ಇಲ್ಲಿದೆ.

ಬಿ. ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎಂಟನೆಯ ಸಂಪುಟ 1904ರಲ್ಲಿ ಪ್ರಕಟವಾಯಿತು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿ ಸೇರಿವೆ. ಅಂದಿನ 'ನಗರ' ತಾಲ್ಲೂಕು ಇಂದು ಹೊಸನಗರವೆಂದು ಪ್ರಸಿದ್ಧವಾಗಿದೆ. ಆದ್ದರಿಂದ ಹುಂಚದ ಶಾಸನಗಳನ್ನು ವಿದ್ವಾಂಸರು 'ನಗರ 35', 'ನಗರ 46' ಎಂದು ಉಲ್ಲೇಖಿಸುತ್ತಾರೆ. ಹೊಸಬರು ಇವನ್ನು ಕೋಟೆಯಿರುವ ನಗರ ಎಂಬ ಊರಿನಲ್ಲಿ ಹುಡುಕಲು ಹೊರಡಬಾರದೆಂದು ಈ ಸೂಚನೆ.

ಕಾಲಾನುಕ್ರಮದಲ್ಲಿ ಹೇಳುವುದಾದರೆ, 897ರ ಶಾಸನವೊಂದು ತೋಲಾಪುರುಷ ವಿಕ್ರಮಾದಿತ್ಯ ಸಾಂತರನು ಕೊಂಡಕುಂದಾನ್ವಯದ ಮೌನಿಸಿದ್ಧಾಂತ ಭಟ್ಟಾರರಿಗಾಗಿ ಶಿಲಾಬಸದಿಯನ್ನು ಮಾಡಿಸಿದುದನ್ನು ತಿಳಿಸುತ್ತದೆ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಅನ್ವಯದ ಮುನಿಗಳು ಸಾಂತರರ ರಾಜಧಾನಿಯಲ್ಲಿ ನೆಲೆ ಹೊಂದಿದ್ದರೆಂಬುದಕ್ಕೆ ಇದು ದೃಢವಾದ ಪ್ರಮಾಣ.

1062ರ ಸುಮಾರಿನ ಶಾಸನಗಳು ವೀರಸಾಂತರನ ಕಾಲದವು. ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿ ಎಂಬ ಶ್ರಾವಕನು ಜಿನಾಲಯವನ್ನು ಕಟ್ಟಿಸಿದುದನ್ನೂ ಅನೇಕ ಪ್ರತಿಮೆಗಳನ್ನು ಮಾಡಿಸಿದುದನ್ನೂ ಕೆರೆಗಳನ್ನು ನಿರ್ಮಿಸಿದುದನ್ನೂ ಅವು ಹೇಳುತ್ತವೆ. ಹಸ್ತಪ್ರತಿ ಅಭ್ಯಾಸಿಗೆ ಇದಕ್ಕಿಂತ ಮುಖ್ಯವಾದುದು ನೊಕ್ಕಯ್ಯಸೆಟ್ಟಿಯ ಗುರುಗಳ ವಿಷಯ. ಅವರು ದಿವಾಕರಣಂದಿ ಸಿದ್ಧಾಂತದೇವರು; ತತ್ತ್ವಾರ್ಥಸೂತ್ರಕ್ಕೆ ಕನ್ನಡದಲ್ಲಿ ವೃತ್ತಿಯನ್ನು ರಚಿಸಿದವರು. ಗ್ರಂಥದ ಪ್ರತಿಯೊಂದು ಕೈಗೆ ಸಿಕ್ಕಾಗ ಕರ್ತೃವಿನ ಹೆಸರು ತಿಳಿಯಬಹುದು; ಆತನ ಕಾಲ, ದೇಶ, ಶಿಷ್ಯವರ್ಗಗಳು ತಿಳಿಯುವುದು ವಿರಳ. ದಿವಾಕರಣಂದಿಗಳ ವಿಷಯದಲ್ಲಿ ಈ ಮೂರನ್ನೂ ಒದಗಿಸಿದ್ದು ಹುಂಚದ ಶಿಲೆ. ಸೂತ್ರದ ಅರ್ಥವನ್ನು ನಾಡನುಡಿಯಲ್ಲಿ ತಿಳಿಯಬಯಸಿದ ವರ್ತಕ ಸಮಾಜವೊಂದು 11ನೆಯ ಶತಮಾನದ ಮಲೆನಾಡಿನಲ್ಲಿ ಇತ್ತೆಂದು ಊಹಿಸಲು ಇಲ್ಲಿ ಆಧಾರವಿದೆ.

1077ರ ಶಾಸನ, ಎಂದರೆ ನಗರ 35, ಶಕ 999ನೆಯ ಪಿಂಗಳ ಸಂವತ್ಸರದ್ದು. ಚಟ್ಟಲದೇವಿಯು 'ಉರ್ವೀತಿಲಕ'ವೆಂಬ ಪಂಚಕೂಟ ಬಸದಿಯನ್ನು ನಿರ್ಮಿಸಿದುದು ಇದರ ವಿಷಯ. ಗಂಗ ಮನೆತನಕ್ಕೆ ಸೇರಿದ ಆಕೆ ಪಲ್ಲವ ಕಾಡುವೆಟ್ಟಿಯ ಪತ್ನಿ. ತಂಗಿ ಬೀರಲದೇವಿಯೂ ಆಕೆಯ ಪತಿ ವೀರಸಾಂತರನೂ ತೀರಿಕೊಂಡ ಬಳಿಕ, ಅವರ ಮಕ್ಕಳಾದ ತೈಲ, ಗೊಗ್ಗಿಗ, ಒಡ್ಡುಗ, ಬರ್ಮ ಎಂಬ ನಾಲ್ವರನ್ನೂ ತನ್ನ ಮಕ್ಕಳಂತೆಯೇ ಸಾಕಿ ರಾಜ್ಯದ ಹೊಣೆಗೆ ಸಿದ್ಧಗೊಳಿಸಿದಳು. ಅಗಲಿದ ಬಂಧುಗಳ ಪರೋಕ್ಷವಿನಯಾರ್ಥವಾಗಿ ಬಸದಿ ಎದ್ದಿತು. ಈ ಶಾಸನದಲ್ಲಿ ಸಾಂತರ ವಂಶದ ಮೂಲಪುರುಷ ಜಿನದತ್ತನ ವೃತ್ತಾಂತವಿದೆ, ಗಂಗರ ವಂಶಾವಳಿಯಿದೆ. ದ್ರಾವಿಡ ಸಂಘದ ಅರುಂಗಳಾನ್ವಯದ ಆಚಾರ್ಯರನ್ನು ಸ್ತುತಿಸುವಾಗ ಸಮಂತಭದ್ರ, ಸಿಂಹನಂದಿ, ಅಕಲಂಕ, ವಾದಿರಾಜ ಮೊದಲಾದವರ ಸ್ಮರಣೆ ಬರುತ್ತದೆ. ಹೀಗೆ ಒಂದೇ ಕಲ್ಲಿನಲ್ಲಿ ರಾಜವಂಶ, ಗುರುವಂಶ, ಕುಟುಂಬದ ದುಃಖ ಈ ಮೂರೂ ಸೇರಿವೆ.

ಬಿಲ್ಹಣನ ಕಾವ್ಯವನ್ನು ಇಲ್ಲಿ ಮತ್ತೆ ನೆನೆಯಬೇಕು. ಆ ಕಾವ್ಯದ ನಾಯಕನಾದ ಆರನೆಯ ವಿಕ್ರಮಾದಿತ್ಯನು ಪಟ್ಟಕ್ಕೆ ಬಂದದ್ದು 1076ರಲ್ಲಿ. ಹುಂಚದ ಶಾಸನ ಅದರ ಮರುವರ್ಷದ್ದು. ಬಿಲ್ಹಣನು ವರ್ಣಿಸುವ ಜಯಸಿಂಹನ ದಂಗೆಗೆ ಬನವಾಸಿ ಪ್ರಾಂತವೇ ನೆಲೆ; ಸಾಂತಳಿಗೆ ಅದರ ನೆರೆಯ ನಾಡು. ಒಂದೇ ಕಾಲದ ಎರಡು ದಾಖಲೆಗಳಲ್ಲಿ ಒಂದು ಓಲೆಯ ಮೇಲೇರಿ ಮರುಭೂಮಿಗೆ ಸೇರಿ ಅಲ್ಲಿ ಉಳಿಯಿತು, ಇನ್ನೊಂದು ಮಳೆಯಲ್ಲಿ ತೊಯ್ಯುತ್ತ ಇದ್ದಲ್ಲಿಯೇ ಉಳಿಯಿತು. ಚಕ್ರವರ್ತಿಯ ಚರಿತೆಯನ್ನು ಬರೆಯುವವರಿಗೆ ಎರಡೂ ಬೇಕು. ಕಾವ್ಯವು ರಾಜನನ್ನು ಹೊಗಳುತ್ತದೆ. ಆತನ ಆಳ್ವಿಕೆಯಲ್ಲಿ ಒಂದು ಮಾಂಡಲಿಕ ಮನೆತನದ ವಿಧವೆ ಹೇಗೆ ನಾಲ್ವರು ಹುಡುಗರನ್ನು ಬೆಳೆಸಿ ಧರ್ಮಕಾರ್ಯವನ್ನು ನಡೆಸಿದಳೆಂಬುದನ್ನು ತಿಳಿಸುವುದು ಶಿಲೆ ಮಾತ್ರ.

1147ರ ಶಾಸನದಲ್ಲಿ ಅದೇ ಮನೆತನದ ಪಂಪಾದೇವಿ ಹಾಗೂ ಆಕೆಯ ಮಗಳು ಬಾಚಲದೇವಿ ಸ್ತುತರಾಗಿದ್ದಾರೆ. ಅಲ್ಲಿ ಅತ್ತಿಮಬ್ಬೆಯ ಹೋಲಿಕೆ ಬರುತ್ತದೆ. ಗ್ರಂಥಗಳನ್ನು ಪ್ರತಿ ಮಾಡಿಸಿ ಹಂಚಿದ ಮಹಿಳೆಯೊಬ್ಬಳು ಒಂದೂವರೆ ಶತಮಾನದ ತರುವಾಯ ಮಲೆನಾಡಿನ ರಾಜಧಾನಿಯಲ್ಲಿ ಉಪಮಾನವಾಗಿ ನಿಂತಿದ್ದಳೆಂಬುದು ಶ್ರುತಭಕ್ತಿಯ ಇತಿಹಾಸದಲ್ಲಿ ಗಣನೀಯವಾದ ಸಂಗತಿ.

ಪದ್ಮಾವತೀ ಗುಡಿಯ ಪ್ರಾಕಾರದಲ್ಲಿರುವ ನಗರ 46 ಈ ಸಾಲಿನಲ್ಲಿ ಈಚಿನದು. ರೈಸ್ ಅವರು ಅದರ ಕಾಲವನ್ನು ಸುಮಾರು 1530 ಎಂದು ಹೇಳಿದ್ದಾರೆ. ವಾದಿ ವಿದ್ಯಾನಂದರು ಹಲವು ರಾಜಾಸ್ಥಾನಗಳಲ್ಲಿ ನಡೆಸಿದ ವಾದಗಳು ಇದರಲ್ಲಿ ವರ್ಣಿತವಾಗಿವೆ. ಪ್ರಾಚೀನ ಕವಿಗಳ ಪದ್ಯಗಳನ್ನು ವಿಷಯಾನುಸಾರವಾಗಿ ಸಂಕಲಿಸಿದ 'ಕಾವ್ಯಸಾರ'ದ ಕರ್ತೃ ಅಭಿನವ ವಾದಿವಿದ್ಯಾನಂದನ ಕಾಲನಿರ್ಣಯಕ್ಕೆ ಈ ಶಾಸನ ನೆರವಾಗುತ್ತದೆ. ಮೂಲಕೃತಿಗಳೇ ನಷ್ಟವಾದ ಕೆಲವು ಪದ್ಯಗಳು ಇಂತಹ ಸಂಕಲನಗಳಲ್ಲಿ ಮಾತ್ರ ಉಳಿದಿವೆ ಎಂಬುದನ್ನು ನೆನೆದರೆ, ಸಂಕಲನಕಾರನ ಕಾಲವನ್ನು ತಿಳಿಯುವುದು ಎಷ್ಟು ಅವಶ್ಯಕವೆಂಬುದು ವಿದಿತವಾಗುತ್ತದೆ.

ಇನ್ನು ಜಿನದತ್ತನ ವೃತ್ತಾಂತ. ಮಥುರೆಯಿಂದ ಬಂದ ರಾಜಕುಮಾರ, ಪದ್ಮಾವತಿಯ ಅನುಗ್ರಹ, ಲಕ್ಕಿ ಗಿಡದ ಸನ್ನಿಧಿ ಇವನ್ನು ಯಾತ್ರಿಕರು ಇಂದಿಗೂ ಕೇಳುತ್ತಾರೆ. ಪದ್ಮನಾಭಕವಿಯ 'ಜಿನದತ್ತರಾಯಚರಿತೆ'ಯು ಶಾಸನಕ್ಕಿಂತ ಬಹಳ ಈಚಿನ ಕೃತಿ. ಶಾಸನದ ಕಥನವನ್ನೂ ಕಾವ್ಯದ ಕಥನವನ್ನೂ ಇಂದಿನ ಐತಿಹ್ಯವನ್ನೂ ಮೂರು ಸಾಲಾಗಿ ಬರೆದು ಹೋಲಿಸಿದರೆ, ಕಥೆಯ ಯಾವ ಅಂಶ ಯಾವ ಕಾಲಕ್ಕೆ ಸೇರಿತೆಂಬುದನ್ನು ಕಂಡುಕೊಳ್ಳಬಹುದು. ಪಾಠಾಂತರಗಳನ್ನು ಗುರುತಿಸುವ ಗ್ರಂಥಸಂಪಾದಕನ ಅಭ್ಯಾಸವೇ ಇಲ್ಲಿಯೂ ಸಾಧನ.

ಧವಲೆಯ ಪ್ರಶಸ್ತಿ

ಓಲೆ ಹಾಗೂ ಶಿಲೆ ಪರಸ್ಪರ ಪೂರಕವೆಂಬುದಕ್ಕೆ ಅತ್ಯಂತ ಬೆಲೆಯುಳ್ಳ ನಿದರ್ಶನ ಇದೇ ಜಿಲ್ಲೆಯ ಪೂರ್ವಭಾಗಕ್ಕೆ ಸಂಬಂಧಿಸಿದೆ. ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ಪ್ರಾಚೀನ ತಾಡಪತ್ರಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದುಬಂದವು. 19ನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ತೆಗೆಯುವ ಕಾರ್ಯ ಆರಂಭವಾಯಿತು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಹೊರಬಂದು, 16 ಸಂಪುಟಗಳು 1958ರ ಹೊತ್ತಿಗೆ ಪೂರ್ಣಗೊಂಡವು.

ಧವಲೆಯ ಪ್ರತಿಯಲ್ಲಿರುವ ಕನ್ನಡ ಪ್ರಶಸ್ತಿಯು ಅದನ್ನು ಬರೆಯಿಸಿದವರನ್ನು ಹೆಸರಿಸುತ್ತದೆ. ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆಯಾದ ದೇಮಿಯಕ್ಕನು ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಯಲ್ಲಿ ಈ ಗ್ರಂಥವನ್ನು ಬರೆಯಿಸಿ, ಬನ್ನಿಕೆರೆಯ ಚೈತ್ಯಾಲಯದ ಆಚಾರ್ಯರಾದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಓಲೆಯಲ್ಲಿ ಇಷ್ಟಿದೆ. ಭುಜಬಲಗಂಗನು ಯಾರು, ಆತನ ಕಾಲ ಯಾವುದು, ಬನ್ನಿಕೆರೆ ಎಲ್ಲಿಯದು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತದ್ದು ಶಿವಮೊಗ್ಗ ಸೀಮೆಯ ಗಂಗ ಮಾಂಡಲಿಕರ ಶಾಸನಗಳಿಂದ. ಶುಭಚಂದ್ರರು 1123ರಲ್ಲಿ ಸಮಾಧಿಹೊಂದಿದ ಸಂಗತಿ ಶ್ರವಣಬೆಳಗೊಳದ ಶಾಸನದಲ್ಲಿದೆ. ಈ ಸಾಕ್ಷ್ಯಗಳನ್ನು ಕೂಡಿಸಿದಾಗ ಪ್ರತಿಯ ಕಾಲವು 12ನೆಯ ಶತಮಾನದ ಆದಿಭಾಗಕ್ಕೆ ಬಂದು ನಿಲ್ಲುತ್ತದೆ.

ಘಟ್ಟದ ಮೇಲೆ ಬರೆದ ಓಲೆ ಘಟ್ಟದ ಕೆಳಗೆ ಉಳಿಯಿತು. ಅದನ್ನು ಬರೆಯಿಸಿದ ಊರಿನ ಗುರುತು ಘಟ್ಟದ ಮೇಲಿನ ಕಲ್ಲಿನಲ್ಲಿ ಉಳಿಯಿತು. ಶಾಸನಗಳು ಇಲ್ಲವಾಗಿದ್ದರೆ ದೇಮಿಯಕ್ಕನ ಹೆಸರು ದೇಶಕಾಲಗಳ ಆಧಾರವಿಲ್ಲದ ಒಂದು ನಾಮಮಾತ್ರವಾಗಿ ಉಳಿಯುತ್ತಿತ್ತು. ಪ್ರಶಸ್ತಿ ಇಲ್ಲವಾಗಿದ್ದರೆ ಆಗಮಗ್ರಂಥದ ರಕ್ಷಣೆಯಲ್ಲಿ ಬನ್ನಿಕೆರೆಯ ಚೈತ್ಯಾಲಯಕ್ಕೆ ಇದ್ದ ಪಾತ್ರವನ್ನು ಯಾವ ಕಲ್ಲೂ ನಮಗೆ ಹೇಳುತ್ತಿರಲಿಲ್ಲ. ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಮೂಡುಬಿದಿರೆ, ಕಾರ್ಕಳ ಮುಂತಾದ ಭಂಡಾರಗಳ ಪ್ರತಿಗಳು ಅದರಲ್ಲಿ ನಮೂದಾಗಿವೆ. ಅಂತಹ ಸೂಚಿಗಳಲ್ಲಿ ಕಾಣುವ ದಾನಿಗಳ, ಲಿಪಿಕಾರರ, ಊರುಗಳ ಹೆಸರುಗಳನ್ನು ಘಟ್ಟದ ಮೇಲಿನ ಶಾಸನಗಳೊಡನೆ ಹೋಲಿಸುವ ಕೆಲಸ ಒಬ್ಬಿಬ್ಬರಿಂದ ಮುಗಿಯುವಂತಹದಲ್ಲ.

ಸಾಗರ ತಾಲ್ಲೂಕಿನ ದೇಗುಲಗಳು

ಈ ವಿಧಾನವು ಬಸದಿಗಳಿಗೆ ಮಾತ್ರ ಸೀಮಿತವಲ್ಲ. ಸಾಗರದ ಸಮೀಪದ ಕೆಳದಿ, ಇಕ್ಕೇರಿಗಳು ಕೆಳದಿ ನಾಯಕರ ಮೊದಲ ಎರಡು ರಾಜಧಾನಿಗಳು. ಮೂರನೆಯದು ಹೊಸನಗರ ತಾಲ್ಲೂಕಿನ ಬಿದನೂರು, ಎಂದರೆ ಇಂದಿನ ನಗರ. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಾಗ ಈ ಅರಸೊತ್ತಿಗೆ ಕೊನೆಗೊಂಡಿತು. ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ ದೇವಾಲಯಗಳಿವೆ. ವೀರಭದ್ರ ಗುಡಿಯ ಒಳಛಾವಣಿಯ ಗಂಡಭೇರುಂಡ ಪ್ರಸಿದ್ಧವಾದುದು. ಈ ಮನೆತನದ ಚರಿತ್ರೆಗೆ ಲಿಂಗಣ್ಣಕವಿಯ 'ಕೆಳದಿನೃಪವಿಜಯ' ಮುಖ್ಯ ಆಕರ. ಆರ್. ಶಾಮಶಾಸ್ತ್ರಿಗಳು ಅದನ್ನು ಹಸ್ತಪ್ರತಿಗಳಿಂದ ಸಂಪಾದಿಸಿ 1921ರಲ್ಲಿ ಬೆಳಕಿಗೆ ತಂದರು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳೂ ಇತರ ಚಾರಿತ್ರಿಕ ದಾಖಲೆಗಳೂ ಸಂಗ್ರಹವಾಗಿವೆ. ಅಲ್ಲಿಯ ತಿಗಳಾರಿ ಲಿಪಿಯ ಪ್ರತಿಗಳನ್ನು ಕಾಣುವುದು ಲಿಪಿಶಾಸ್ತ್ರದ ವಿದ್ಯಾರ್ಥಿಗಳಿಗೆ ಹಿತಕರ.

ಇಕ್ಕೇರಿಯ ಅಘೋರೇಶ್ವರ ದೇವಾಲಯದ ನೆಲದಲ್ಲಿ ಸಾಷ್ಟಾಂಗ ನಮಸ್ಕಾರ ಮಾಡುತ್ತಿರುವ ಮೂವರು ನಾಯಕರ ಆಕೃತಿಗಳಿವೆ. ಪ್ರತಿಯೊಂದರ ಬಳಿಯೂ ಹೆಸರು ಕೆತ್ತಿದೆ: ಸದಾಶಿವ, ಭದ್ರ, ಹುಚ್ಚಸಂಕಣ್ಣ. ಇವರಲ್ಲಿ ಹುಚ್ಚಸಂಕಣ್ಣನ ಕೈಕಾಲುಗಳಿಗೆ ಸಂಕೋಲೆಯನ್ನು ತೋರಿಸಿದೆ. ಕಾವ್ಯದಲ್ಲಿ ವಿಸ್ತಾರವಾಗಿ ಬರುವ ರಾಜರ ವೃತ್ತಾಂತವನ್ನು ಓದಿ ಹೋದವರಿಗೆ ಈ ಮೂರು ಪುಟ್ಟ ಹೆಸರುಗಳು ಬೇರೆಯೇ ಅರ್ಥವನ್ನು ಕೊಡುತ್ತವೆ. ಓದದೆ ಹೋದವರು ಅವುಗಳ ಮೇಲೆ ಹೆಜ್ಜೆಯಿಟ್ಟು ನಡೆದುಬಿಡುತ್ತಾರೆ. ಇದೇ ಗುಡಿಯ ಕಂಬಗಳ ನಡುವಣ ಅಂತರವನ್ನು, ಎಂದರೆ ಸುಮಾರು 18½ ಅಡಿಯನ್ನು, ತೋಟದ ಭೂಮಿಯ ಅಳತೆಗೋಲಾಗಿ ಬಳಸುತ್ತಿದ್ದರೆಂದು ಮೈಸೂರು ಗ್ಯಾಸೆಟಿಯರ್ ದಾಖಲಿಸಿದೆ. ಸೀಮೆಯ ಕಡತಗಳಲ್ಲಿ ಕಾಣುವ ತೋಟದ ಅಳತೆಗಳನ್ನು ಅರ್ಥಮಾಡಿಕೊಳ್ಳುವವರು ಈ ದೇವಾಲಯವನ್ನೂ ಒಂದು ದಾಖಲೆಯಾಗಿ ಪರಿಗಣಿಸಬೇಕಾಗುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಕ್ಷೇತ್ರಗಳು

ತೀರ್ಥಹಳ್ಳಿಯಲ್ಲಿ ತುಂಗಾತೀರದ ರಾಮೇಶ್ವರ ದೇವಾಲಯವೂ ಪರಶುರಾಮ ತೀರ್ಥವೂ ಇವೆ. ಎಳ್ಳಮಾವಾಸ್ಯೆಯ ಜಾತ್ರೆಗೆ ದೂರದಿಂದ ಜನ ಬರುತ್ತಾರೆ. ಅದೇ ತಾಲ್ಲೂಕಿನ ಮೇಳಿಗೆಯಲ್ಲಿ ಅನಂತನಾಥ ಬಸದಿಯಿದೆ. 17ನೆಯ ಶತಮಾನದ ಆದಿಭಾಗದಲ್ಲಿ, ವೀರಶೈವರಾದ ಕೆಳದಿ ನಾಯಕರ ಆಳ್ವಿಕೆಯಲ್ಲಿ, ಜೈನ ವರ್ತಕನೊಬ್ಬನು ಇದನ್ನು ಕಟ್ಟಿಸಿದನು. ಸಾಂತರರ ರಾಜಾಶ್ರಯ ತಪ್ಪಿ ಶತಮಾನಗಳು ಕಳೆದ ಮೇಲೆಯೂ ಮಲೆನಾಡಿನ ಶ್ರಾವಕ ಸಮಾಜಕ್ಕೆ ಬಸದಿಯನ್ನು ಎತ್ತುವ ಶಕ್ತಿ ಉಳಿದಿತ್ತೆಂಬುದಕ್ಕೆ ಮೇಳಿಗೆ ಸಾಕ್ಷಿ. ಅಘೋರೇಶ್ವರ ಗುಡಿಯನ್ನೂ ಈ ಬಸದಿಯನ್ನೂ ಒಂದೇ ಪ್ರವಾಸದಲ್ಲಿ ನೋಡುವವರಿಗೆ ಆ ಕಾಲದ ಮತಸಂಬಂಧಗಳ ಚಿತ್ರ ಹೆಚ್ಚು ಸಮತೋಲವಾಗಿ ಮೂಡುತ್ತದೆ.

ಕುಂದಾದ್ರಿ ಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿಯಿದೆ, ಬಂಡೆಯ ನಡುವೆ ಕೊಳವಿದೆ. ಈ ಬೆಟ್ಟವನ್ನು ಕುಂದಕುಂದಾಚಾರ್ಯರ ತಪೋಭೂಮಿಯೆಂದು ಪರಂಪರೆ ಗೌರವಿಸುತ್ತದೆ. ಆಚಾರ್ಯರ ಹುಟ್ಟೂರು ಆಂಧ್ರದ ಗುಂತಕಲ್ಲಿನ ಬಳಿಯ ಕೊನಕೊಂಡ್ಲ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಇವೆರಡರಲ್ಲಿ ವಿರೋಧವನ್ನು ಕಲ್ಪಿಸುವ ಅಗತ್ಯವಿಲ್ಲ. ಹುಟ್ಟಿದ ಊರು ಬೇರೆ, ತಪಸ್ಸಿನ ಸ್ಥಳ ಬೇರೆ ಇರಬಹುದು. ಆದರೆ ಪ್ರಮಾಣಗಳ ತಾರತಮ್ಯವನ್ನು ಮರೆಯಬಾರದು. ಹುಂಚದ 897ರ ಶಾಸನ ಹೇಳುವುದು ಕೊಂಡಕುಂದಾನ್ವಯದ ಮುನಿಗಳನ್ನು ಕುರಿತು. ಅನ್ವಯವು ಈ ಸೀಮೆಯಲ್ಲಿ ಇತ್ತೆಂಬುದು ಶಾಸನಸಿದ್ಧ; ಆಚಾರ್ಯರು ಸ್ವತಃ ಇಲ್ಲಿ ಇದ್ದರೆಂಬುದು ಪರಂಪರಾಗತ. ಭಕ್ತನಿಗೆ ಎರಡೂ ಪೂಜ್ಯ. ಲೇಖಕನು ಬರೆಯುವಾಗ ಎರಡನ್ನೂ ಬೇರೆಬೇರೆಯಾಗಿ ಬರೆಯಬೇಕು.

ಸಂದರ್ಶನದ ಕ್ರಮ

ಈ ಕ್ಷೇತ್ರಗಳಿಗೆ ಹೋಗಬಯಸುವ ಅಭ್ಯಾಸಿಗಳಿಗೆ ಕೆಲವು ಸೂಚನೆಗಳನ್ನು ಇಲ್ಲಿ ಕೊಡಬಹುದು.

ಮಳೆಗಾಲ ಇದಕ್ಕೆ ತಕ್ಕ ಸಮಯವಲ್ಲ. ದಾರಿಯ ತೊಂದರೆ ಹಾಗಿರಲಿ, ತೊಯ್ದ ಕಲ್ಲಿನ ಮೇಲೆ ಪಾಚಿ ಬೆಳೆದು ಅಕ್ಷರಗಳು ಮುಚ್ಚಿಹೋಗಿರುತ್ತವೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಕಲ್ಲು ಒಣಗಿರುತ್ತದೆ. ಬೆಳಗಿನ, ಸಂಜೆಯ ಓರೆ ಬಿಸಿಲಿನಲ್ಲಿ ಸವೆದ ಅಕ್ಷರಗಳೂ ನೆರಳಿನಿಂದ ಎದ್ದು ತೋರುತ್ತವೆ. ಸಾಗರದಿಂದ ಹೊರಟು ಕೆಳದಿ, ಇಕ್ಕೇರಿಗಳನ್ನು ನೋಡಿ, ಹೊಸನಗರದ ಮೂಲಕ ಹುಂಚಕ್ಕೆ ಬಂದು, ಬಳಿಕ ತೀರ್ಥಹಳ್ಳಿ, ಮೇಳಿಗೆ, ಕುಂದಾದ್ರಿಗಳಿಗೆ ಹೋಗುವುದು ಅನುಕೂಲ. ಹುಂಚದಲ್ಲಿ ಕನಿಷ್ಠ ಎರಡು ದಿನ ನಿಲ್ಲಬೇಕು.

ಶಾಸನದ ಮುದ್ರಿತ ಪಾಠವನ್ನು ಮೊದಲೇ ಓದಿಕೊಂಡು, ಅದರ ಪ್ರತಿಯನ್ನು ಕೈಯಲ್ಲಿ ಹಿಡಿದು ಕಲ್ಲಿನೊಡನೆ ಸಾಲುಸಾಲಾಗಿ ತಾಳೆ ನೋಡಬೇಕು. 1904ರ ಪಾಠವು ಅಪಾರ ಪರಿಶ್ರಮದ ಫಲವಾದರೂ ಮರುಪರಿಶೀಲನೆಗೆ ಅತೀತವಾದುದೇನಲ್ಲ. ಭಿನ್ನವಾಗಿ ಕಂಡ ಅಕ್ಷರವನ್ನು ತಿದ್ದಿ ಬರೆಯದೆ, ಪಾಠಾಂತರವಾಗಿ ಪಕ್ಕದಲ್ಲಿ ಗುರುತಿಸಿಕೊಳ್ಳುವುದು ಲೇಸು. ಶಿಲೆ ಈಗ ಎಲ್ಲಿ ನಿಂತಿದೆ, ಮುದ್ರಿತ ಸಂಪುಟ ಹೇಳುವ ಸ್ಥಳದಲ್ಲಿಯೇ ಇದೆಯೇ, ಯಾವ ಭಾಗ ಒಡೆದಿದೆ, ಯಾವುದು ನೆಲದಲ್ಲಿ ಹೂತಿದೆ ಎಂಬುದನ್ನೂ ದಿನಾಂಕದೊಡನೆ ಬರೆದಿಡಬೇಕು.

ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಸವರುವುದು, ಮೊನಚಾದ ವಸ್ತುವಿನಿಂದ ಕಲ್ಲುಹೂವನ್ನು ಕೆರೆಯುವುದು ಸರ್ವಥಾ ಕೂಡದು. ಛಾಯಾಚಿತ್ರ ತೆಗೆಯುವುದಕ್ಕೂ ಪಡಿಯಚ್ಚು ತೆಗೆಯುವುದಕ್ಕೂ ಮಠದ ಅಥವಾ ದೇವಾಲಯದ ಅಧಿಕಾರಿಗಳ ಅನುಮತಿ ಪಡೆಯಬೇಕು. ಸಂರಕ್ಷಿತ ಸ್ಮಾರಕಗಳಲ್ಲಿ ಸಂಬಂಧಪಟ್ಟ ಇಲಾಖೆಯ ನಿಯಮಗಳನ್ನು ಪಾಲಿಸಬೇಕು. ಖಾಸಗಿ ಮನೆಗಳಲ್ಲಿ ಓಲೆಗರಿಗಳಿವೆಯೆಂದು ತಿಳಿದರೆ, ಅವನ್ನು ಕೇಳಿ ಪಡೆಯುವುದಕ್ಕಿಂತ ಇದ್ದಲ್ಲಿಯೇ ನೋಡಿ ವಿವರ ಬರೆದುಕೊಳ್ಳುವುದು ಉಚಿತ. ಓಲೆಯು ಊರು ಬಿಡುವುದಾದರೂ ಅದು ಯಾವ ಊರಿನ ಯಾವ ಬಸದಿಗೋ ಮನೆಗೋ ಸೇರಿತ್ತೆಂಬ ನೆನಪು ಅದರ ಜೊತೆಗೇ ಹೋಗಬೇಕು. ದೇಮಿಯಕ್ಕನ ಓಲೆ ತನ್ನ ಊರಿನ ಹೆಸರನ್ನು ತನ್ನೊಳಗೇ ಹೊತ್ತು ನಡೆದಿತ್ತು. ಎಲ್ಲ ಓಲೆಗಳಿಗೂ ಆ ಭಾಗ್ಯವಿಲ್ಲ.

ಉಪಸಂಹಾರ

ಶಿಲೆ ಶಾಶ್ವತವೆಂಬ ನಂಬಿಕೆ ಪೂರ್ಣವಾಗಿ ನಿಜವಲ್ಲ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಸಿಮೆಂಟು, ಬಣ್ಣ, ನುಣುಪುಕಲ್ಲಿನ ಹಾಸು ಇವು ಅಕ್ಷರಗಳನ್ನು ಮುಚ್ಚಿಬಿಡಬಲ್ಲವು. ಅಂಗಳ ವಿಸ್ತರಿಸುವಾಗ ಸ್ಥಳಾಂತರಗೊಂಡ ಕಲ್ಲು ತನ್ನ ಅರ್ಧ ಸಾಕ್ಷ್ಯವನ್ನು ಕಳೆದುಕೊಳ್ಳುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಊರುಗಳು ನೀರಿನಡಿ ಸೇರಿದವು. ಒಂದು ಊರೇ ಮುಳುಗಬಹುದಾದ ಮೇಲೆ ಊರ ಮುಂದಿನ ಕಲ್ಲಿನ ಭರವಸೆ ಎಷ್ಟು? ಅಂತಹ ಸಂದರ್ಭದಲ್ಲಿ ಸಕಾಲದಲ್ಲಿ ಮಾಡಿಕೊಂಡ ಪ್ರತಿಯೊಂದೇ ಆಸರೆ.

ಜೈಸಲ್ಮೇರಿನ ಭಂಡಾರ ಉಳಿದದ್ದು ಮರಳಿನ ಒಣಹವೆಯಿಂದ ಮಾತ್ರವಲ್ಲ. ಕಾಯುವವರು ಇದ್ದರು, ಸಾಗಿಸುವವರು ಇದ್ದರು, ಕಾಲಕಾಲಕ್ಕೆ ಎಣಿಸಿ ಪಟ್ಟಿ ಮಾಡುವವರು ಇದ್ದರು. ಮಲೆನಾಡಿಗೆ ಒಣಹವೆಯ ಅನುಕೂಲವಿಲ್ಲ. ಉಳಿದ ಮೂರು ಕೆಲಸಗಳು ಮಾತ್ರ ನಮ್ಮ ಕೈಯಲ್ಲಿವೆ. ಶ್ರುತಪಂಚಮಿಯಂದು ಓಲೆಯ ಕಟ್ಟನ್ನು ಬಿಚ್ಚಿ ನೋಡುವ ನಾವು, ವರ್ಷಕ್ಕೊಮ್ಮೆಯಾದರೂ ಸಮೀಪದ ಬಸದಿಯ ಶಾಸನವನ್ನು ಹಾಗೆಯೇ ನೋಡಿ, ಇರುವ ಸ್ಥಿತಿಯನ್ನು ಬರೆದಿಡುವ ಪದ್ಧತಿಯನ್ನು ಬೆಳೆಸಿಕೊಂಡರೆ, ಅದೂ ಶ್ರುತಸೇವೆಯೇ ಆಗುತ್ತದೆ. ಈ ಕಾರ್ಯದಲ್ಲಿ ಆಸಕ್ತರಾದ ವಿದ್ವಾಂಸರೂ ಪಂಡಿತರೂ ತಮ್ಮ ತಮ್ಮ ಊರುಗಳಿಂದಲೇ ತೊಡಗುವುದು ಶ್ರೇಯಸ್ಕರ.